ಮುಳುಗುವ ಆಟ

“ಅಯ್ಯಯ್ಯೋ! ಹೋದೆ, ಹೋದೆ! ನನ್ನ ಚಪ್ಪಲಿ ಹೋಯ್ತು, ಅದರ ಹಿಂದೆ ನಾನೂ ಹೋದೆ!”

ದೋಣಿಕಟ್ಟೆಯ ಹಲಗೆಯ ಮೇಲೆ ಮುಳುಗಣ್ಣ ಅಂಗಾತ ಬಿದ್ದು ಕೈಕಾಲು ಬಡಿಯುತ್ತಿದ್ದ. ಬಾಯಲ್ಲಿ ತುಂಬಿಕೊಂಡಿದ್ದ ನೀರನ್ನು ಪಿಚಕಾರಿಯ ಹಾಗೆ ಮೇಲಕ್ಕೆ ಉಗುಳಿ, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಗೆ ಹಾಕಿ, ಒಂದು ಕಾಲನ್ನು ಕೊನೆಯ ಸಲ ಕೊಡವಿ ಸತ್ತ. ಹನ್ನೆರಡು ಜನ ಪ್ರಯಾಣಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಟ್ಟನೆ ಎದ್ದು ಕೂತ ಅವನು, “ನೋಡಿದ್ರಲ್ಲ? ಜಾಕೆಟ್ ಹಾಕ್ಕೊಳ್ದೆ ಇದ್ರೆ ಹಿಂಗಾಗುತ್ತೆ. ಎಲ್ರೂ ಹಾಕ್ಕೊಳ್ಳಿ, ಬಕಲ್ ಟಕ್ ಅನ್ಬೇಕು. ಟಕ್ ಅನ್ನದೆ ಇದ್ರೆ ದೋಣಿ ಹೊರಡಲ್ಲ,” ಎಂದ. ನಗುತ್ತಲೇ ಎಲ್ಲರೂ ಬಕಲ್ ಹಾಕಿಕೊಂಡರು.

ಹೊರಡುವ ಮುಂಚೆ ಪ್ರಯಾಣಿಕರಿಗೆ ಸುರಕ್ಷತೆಯ ಮಾತು ಹೇಳಲೇಬೇಕು ಎನ್ನುವುದು ಇಲಾಖೆಯ ನಿಯಮ. ಉಳಿದ ದೋಣಿಯವರು ಬೋರ್ಡಿನ ಮೇಲಿದ್ದದ್ದನ್ನು ಗೊಣಗಿ ಮುಗಿಸುತ್ತಿದ್ದರು. ದೋಣಿಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಕೂರಬಾರದು, ಕುಡಿದು ಹತ್ತಬಾರದು, ನಿಂತು ಫೋಟೋ ತೆಗೆಯಬಾರದು. ಯಾರ ಕಿವಿಗೂ ಅದು ಬೀಳುತ್ತಿರಲಿಲ್ಲ. ಇವನೊಬ್ಬ ಮಾತ್ರ ಮೂವತ್ತು ವರ್ಷಗಳಿಂದ ದಿನಕ್ಕೆ ಹತ್ತು ಸಲ ಸತ್ತು ತೋರಿಸುತ್ತಿದ್ದ. ಹಾಗಾಗಿ ಮುಳುಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಪರವಾನಗಿಯ ಕಾಗದದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಜನ ಖಾಲಿ ದೋಣಿಗಳನ್ನು ಬಿಟ್ಟು ಅವನ ದೋಣಿಗೇ ಕಾಯುತ್ತಿದ್ದರು. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಅವನ ಹೆಂಡತಿಗೆ, “ಮುಳುಗಣ್ಣನ ದೋಣೀದೇ ಕೊಡಿ,” ಎನ್ನುವವರಿಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗುತ್ತಿತ್ತು.

ಈ ಮುಳುಗಣ್ಣನಿಗೆ ಈಜು ಬರುತ್ತಿರಲಿಲ್ಲ.

ನಗುವ ಮಾತೇ, ಒಪ್ಪೋಣ. ಆದರೆ ದೋಣಿಯವನ ಕೆಲಸವಿರುವುದು ನೀರಿನ ಮೇಲೆ, ನೀರಿನೊಳಗಲ್ಲ. ಕೆಲಸಕ್ಕೆ ಸೇರಿದಾಗ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಆಮೇಲೆ ಹೇಳುವ ಕಾಲ ಮೀರಿಹೋಯಿತು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ.

ಇಲಾಖೆಯಿಂದ ಬಂದ ಹೊಸ ಸುತ್ತೋಲೆಯನ್ನು ತಂದು ಓದಿದವನು ಅವಳ ತಮ್ಮ. ಎಂಟು ವರ್ಷಗಳಿಂದ ಅದೇ ಕಟ್ಟೆಯಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದವನು. ದೋಣಿ ನಡೆಸುವ ಪರವಾನಗಿ ಅವನಿಗೂ ಇತ್ತು, ದೋಣಿ ಮಾತ್ರ ಇರಲಿಲ್ಲ. ಕಟ್ಟೆಯಲ್ಲಿ ಇರುವುದೇ ಹತ್ತು ದೋಣಿಗಳಿಗೆ ಜಾಗ. ಒಬ್ಬನ ಪರವಾನಗಿ ಹೋದರೆ ಅವನ ಜಾಗ, ದೋಣಿ ಎರಡೂ ಅವನ ಮನೆಯವರಲ್ಲೇ ಇನ್ನೊಬ್ಬನಿಗೆ ಎನ್ನುವುದು ಅಲ್ಲಿನ ಪದ್ಧತಿ. ಮುಳುಗಣ್ಣನಿಗೆ ಮಕ್ಕಳಿಲ್ಲ. ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಭಾವ, ಇನ್ಮೇಲೆ ಲೈಸೆನ್ಸ್ ಹೊಸದು ಮಾಡಿಸ್ಬೇಕಾದ್ರೆ ಇನ್‌ಸ್ಪೆಕ್ಟರ್ ಎದುರಿಗೆ ಐವತ್ತು ಮೀಟರ್ ಈಜ್ಬೇಕಂತೆ. ಜಾಕೆಟ್ ಹಾಕ್ಕೊಳ್ದೆ,” ಎಂದು ಅವನು ಕಾಗದ ಮಡಚಿದ. “ನಿಮಗೇನು ಬಿಡಿ, ಮೀನಿಗೆ ಪರೀಕ್ಷೆ ಇಟ್ಟಂಗೆ.”

“ಹೂಂ ಮತ್ತೆ,” ಎಂದು ಮುಳುಗಣ್ಣ ನಕ್ಕ.

ಮನೆಯಲ್ಲಿ ಹೆಂಡತಿ, “ಬರಲ್ಲ ಅಂತ ಹೇಳ್ಬಿಡಿ ರೀ. ಜೀವಕ್ಕಿಂತ ಹೆಚ್ಚಾ?” ಎಂದಳು.

“ತಲೆ ಕೆಟ್ಟಿದ್ಯಾ ನಿಂಗೆ? ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿ ಈಗ ನಂಗೇ ಬರಲ್ಲ ಅಂದ್ರೆ ಮುಖ ಎಲ್ಲಿಟ್ಕೊಳ್ಳಲಿ? ದೋಣಿ ಬಿಟ್ರೆ ನಂಗೆ ಬೇರೆ ಏನು ಬರುತ್ತೆ ಹೇಳು.”

ಬೇರೇನೂ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಆ ಜಲಾಶಯದ ತಳ ಅವನಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಅಣೆಕಟ್ಟು ಕಟ್ಟುವ ಮುಂಚೆ ಅಲ್ಲೊಂದು ಇಟ್ಟಿಗೆ ಕಾರ್ಖಾನೆ ಇತ್ತು. ಅದರ ಅಗಲವಾದ ಕಾಂಪೌಂಡು ಗೋಡೆ ಈಗಲೂ ನೀರಿನಡಿಯಲ್ಲಿ ನೆಟ್ಟಗೆ ನಿಂತಿತ್ತು, ಕಟ್ಟೆಯ ಏಣಿಯಿಂದ ಹಿಡಿದು ಐವತ್ತು ಮೀಟರ್ ಆಚೆ ನೀರಿನಲ್ಲಿ ನಿಂತ ಕಂಬದವರೆಗೆ. ಬೇಸಿಗೆಯಲ್ಲಿ ಅದರ ಮೇಲೆ ನಿಂತರೆ ನೀರು ಎದೆಮಟ್ಟ. ಸ್ವಲ್ಪ ಬಗ್ಗಿ ನಡೆಯುತ್ತಾ ಕೈ ಬೀಸಿದರೆ ದಡದಲ್ಲಿ ನಿಂತವರ ಕಣ್ಣಿಗೆ ಈಜಿದ ಹಾಗೆಯೇ.

ಹದಿನೈದು ದಿನ ಬೆಳಗಾಗುತ್ತಲೇ, ಕಟ್ಟೆ ತೆರೆಯುವ ಮುಂಚೆ, ಗಂಡಹೆಂಡತಿ ಅಲ್ಲಿಗೆ ಹೋದರು. ಅವನು ಗೋಡೆಯ ಮೇಲೆ ನಡೆದ. ಅವಳು ಟವೆಲ್ ಹಿಡಿದು ಮೆಟ್ಟಿಲ ಮೇಲೆ ಕೂತು ತಪ್ಪು ಹುಡುಕಿದಳು.

“ತಲೆ ಅಲ್ಲಾಡ್ತಾನೇ ಇಲ್ವಲ್ರೀ! ಬಸ್ಸಲ್ಲಿ ನಿಂತ್ಕೊಂಡು ಹೋದಂಗಿದೆ.”

“ಈಗ?”

“ಈಗ ಕೋಳಿ ಥರ ಆಯ್ತು. ಸ್ವಲ್ಪ ಕಮ್ಮಿ ಮಾಡಿ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೀಗೆ ಸೇರಿ ಒಂದು ಕೆಲಸ ಮಾಡಿದ್ದೇ ಇಲ್ಲ ಎಂದು ಅವಳಿಗೆ ಅನ್ನಿಸಿತು. ಹದಿನೈದನೆಯ ದಿನ ಅವನು ನಿಜಕ್ಕೂ ಈಜುಗಾರನ ಹಾಗೆಯೇ ಕಂಡ. ಅದನ್ನು ಕಂಡೇ ಅವಳಿಗೆ ಹೆದರಿಕೆ ಹತ್ತಿಕೊಂಡಿತು. ಕಾಲು ಜಾರಿದರೆ? ಗೋಡೆಯ ಎರಡೂ ಪಕ್ಕ ಮೂರು ಆಳು ನೀರು.

ಪರೀಕ್ಷೆಯ ಹಿಂದಿನ ಸಂಜೆ ಅವಳು ತಮ್ಮನ ಶೆಡ್ಡಿಗೆ ಹೋದಳು. ಗಂಡನಿಗೆ ಈಜು ಬರುವುದಿಲ್ಲ ಎನ್ನುವುದನ್ನೂ ಹೇಳಿದಳು, ಗೋಡೆಯ ವಿಷಯವನ್ನೂ ಹೇಳಿದಳು. “ನೀನು ತೇಲೋ ಟ್ಯೂಬ್ ಹಿಡ್ಕೊಂಡು ಹತ್ರಾನೇ ನಿಂತಿರೋ. ಬೇರೆ ಏನೂ ಬೇಡ. ಅವರಿಗೆ ಮಾತ್ರ ಹೇಳ್ಬೇಡ, ನನ್ನ ಜನ್ಮ ಜಾಲಾಡಿಬಿಡ್ತಾರೆ.”

ತಮ್ಮ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರಸಿಕೊಂಡ. “ಅಯ್ಯೋ, ಅಷ್ಟೇನಾ? ನಾನಿದ್ದೀನಲ್ಲಕ್ಕ. ನಿಶ್ಚಿಂತೆಯಾಗಿ ಹೋಗು.”

ಅವಳು ನಿಶ್ಚಿಂತೆಯಾಗಿ ಹೋದಳು. ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಬೆಳಿಗ್ಗೆ ಇನ್‌ಸ್ಪೆಕ್ಟರ್ ಮೇಡಂ ಬಂದರು. ಒಣ ನೆಲದ ಮೇಲೂ ಜಾಕೆಟ್ ಹಾಕಿಕೊಂಡು, ಬಕಲ್ ಬಿಗಿದುಕೊಂಡು, ಫೈಲು ಹಿಡಿದು ನಿಂತ ಹೆಂಗಸು. ದೋಣಿಯವರು, ಅವರ ಮನೆಯವರು, ಆಗಲೇ ಬಂದಿದ್ದ ಪ್ರವಾಸಿಗರು, ಎಲ್ಲರೂ ಕಟ್ಟೆಯ ತುಂಬ ಸೇರಿದ್ದರು. ಮೊದಲು ನಾಲ್ವರು ಈಜಿ, ಕೆಮ್ಮಿ, ಪಾಸಾದರು. ಐದನೆಯವನು ಮುಳುಗಣ್ಣ. ಅಂಗಿ ಬಿಚ್ಚುತ್ತಾ ಏಣಿಯ ಕಡೆ ಬಂದವನು ಅಲ್ಲೇ ನಿಂತುಬಿಟ್ಟ.

ಏಣಿಯಿಂದ ಕಂಬದವರೆಗೆ ನೀರಿನ ಮೇಲೆ ಸಾಲಾಗಿ ಕೆಂಪು ಬಾವುಟಗಳು. ಪ್ಲಾಸ್ಟಿಕ್ ಡಬ್ಬಗಳಿಗೆ ಕೋಲು ಕಟ್ಟಿ ತೇಲಿಬಿಟ್ಟದ್ದು. ಒಂದೊಂದೂ ಸರಿಯಾಗಿ ಗೋಡೆಯ ನೆತ್ತಿಗೇ.

“ಇದೇನು?” ಎಂದ.

“ನಿಮ್ಮ ಬಾಮೈದ ಬೆಳಿಗ್ಗೆ ಬೇಗ ಬಂದು ಹಾಕಿದ್ದಾರೆ,” ಎಂದರು ಮೇಡಂ, ಮೆಚ್ಚುಗೆಯಿಂದ. “ನೀರಿನಡಿ ಗೋಡೆ ಗೀಡೆ ಇದ್ರೆ ಗುರುತು ಹಾಕ್ಬೇಕು ಅಂತ ನಿಯಮ ಇದೆ. ಇಷ್ಟು ವರ್ಷದಲ್ಲಿ ಇಲ್ಲಿ ಅದನ್ನ ಓದಿದವರು ಇವರೊಬ್ರೇ. ನೀವು ಬಾವುಟದಿಂದ ದೂರ, ಈ ಪಕ್ಕದಲ್ಲಿ ಈಜಿ.”

“ನಾನು ಆ ಕಡೇನೇ ಹೋಗ್ತೀನಿ ಮೇಡಂ. ನಂಗೆ ಅದೇ ಅಭ್ಯಾಸ.”

“ಬೇಡ ಬೇಡ. ಗೋಡೆಗೆ ಮೊಣಕಾಲು ಒಡೆದ್ರೆ ನನ್ನ ತಲೆಗೆ ಬರುತ್ತೆ. ಈ ಕಡೆ ಒಳ್ಳೆ ಆಳ ಇದೆ, ಏನೂ ಅಪಾಯ ಇಲ್ಲ.”

ಮುಳುಗಣ್ಣ ಬಾಮೈದನ ಮುಖ ನೋಡಿದ. ಅವನು ಕಿತ್ತಳೆ ಬಣ್ಣದ ಟ್ಯೂಬ್ ಹೆಗಲಿಗೆ ಹಾಕಿಕೊಂಡು ಅದರ ಹಗ್ಗದ ಗಂಟನ್ನು ಪರೀಕ್ಷಿಸುತ್ತಿದ್ದ. ಹೆಂಡತಿಯ ಮುಖ ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ತಮ್ಮನನ್ನೇ ದಿಟ್ಟಿಸುತ್ತಿದ್ದಳು. ಅಷ್ಟರಲ್ಲೇ ಅವನಿಗೆ ಎಲ್ಲವೂ ಅರ್ಥವಾಗಿಹೋಯಿತು.

ಈಜು ಬರಲ್ಲ ಎನ್ನುವ ಎರಡು ಮಾತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಗುಂಪಿನಿಂದ ಯಾರೋ, “ಮುಳುಗಣ್ಣಾ, ನಮ್ಮ ಆಟ ಮರೀಬೇಡ!” ಎಂದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಅಂಗಿಯನ್ನು ಕಂಬಿಯ ಮೇಲೆ ಹಾಕಿ, ಏಣಿ ಇಳಿದು, ಮೇಡಂ ತೋರಿಸಿದ ಪಕ್ಕಕ್ಕೆ ಕೈ ಬಿಟ್ಟ.

ಎರಡು ಸಲ ಕೈ ಬೀಸಿದ. ಹೆಂಡತಿ ಕಲಿಸಿದ ಹಾಗೆಯೇ, ತಲೆಯನ್ನು ಏರಿಸಿ ಇಳಿಸಿ. ಕಾಲು ಗೋಡೆಯನ್ನು ಹುಡುಕಿತು. ಸಿಗಲಿಲ್ಲ. ತಲೆ ಒಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು.

“ಶುರು ಮಾಡ್ದ ನೋಡು!” ಕಟ್ಟೆಯೆಲ್ಲ ಗೊಳ್ಳೆಂದಿತು.

“ಇವರೇನಾ ಆ ಮುಳುಗಣ್ಣ ಅನ್ನೋರು?” ಎಂದು ಮೇಡಂ ಕೂಡ ಮುಗುಳ್ನಕ್ಕರು.

“ಆಟ ಅಲ್ಲ ರೀ ಅದು! ಆಟ ಅಲ್ಲ! ಎಳ್ಕೊಳ್ಳಿ!” ಎಂದು ಹೆಂಡತಿ ಚೀರಿದಳು. ಜನ ಇನ್ನಷ್ಟು ನಕ್ಕರು. ಅವಳೂ ಪಾತ್ರ ಮಾಡುತ್ತಿದ್ದಾಳೆ ಅಂದುಕೊಂಡರು. ಗಂಡನಿಗಿಂತ ಇವಳೇ ಚೆನ್ನಾಗಿ ಮಾಡುತ್ತಾಳೆ ಎಂದೂ ಒಬ್ಬರು ಅಂದರು.

ಅವಳು ತಮ್ಮನ ತೋಳು ಹಿಡಿದು ಜಗ್ಗಿದಳು. “ಹಾಕೋ! ಹಾಕೋ ಅದನ್ನ!”

“ಇರಕ್ಕ,” ಎಂದ ಅವನು, ಮೆಲ್ಲಗೆ.

ಅವನೇನೂ ಕೊಲೆಗಾರನಲ್ಲ. ಭಾವ ಸಾಯಲಿ ಎಂದು ಅವನು ಬಯಸಿರಲೂ ಇಲ್ಲ. ಈಗಲೇ ಟ್ಯೂಬ್ ಎಸೆದರೆ, ಕಾಲು ಸೆಳೆಯಿತು, ಇನ್ನೊಂದು ದಿನ ಈಜುತ್ತೇನೆ ಎಂದು ಭಾವ ಹೇಳಬಹುದಿತ್ತು. ಅವನಿಗೆ ಬೇಕಾಗಿದ್ದದ್ದು ಸ್ವಲ್ಪ ಸಮಯ, ಅಷ್ಟೆ. ಮೇಡಂ ಮುಖದ ನಗು ಇಳಿಯಿತು. “ರೀ, ಇವರಿಗೆ ನಿಜವಾಗ್ಲೂ ಈಜು ಬರುತ್ತಾ?” ಎಂದರು. ಅದೇ ಉಸಿರಿಗೆ ಅವನು ಟ್ಯೂಬ್ ಎಸೆದ. ಸರಿಯಾಗಿ ಭಾವನ ಎರಡು ಕೈಗಳ ನಡುವೆ. ತಪ್ಪು ಹುಡುಕುವ ಹಾಗಿರಲಿಲ್ಲ.

ದಿನವೂ ಸಾಯುತ್ತಿದ್ದ ಹಲಗೆಯ ಮೇಲೇ ಮುಳುಗಣ್ಣನನ್ನು ಮಲಗಿಸಿ ನೀರು ಕಕ್ಕಿಸಿದರು. ಈಗ ಯಾರೂ ನಗುತ್ತಿರಲಿಲ್ಲ. ಮೇಡಂ ಅವನ ಪಕ್ಕದಲ್ಲಿ ಕೂತರು.

“ಎಷ್ಟು ವರ್ಷದಿಂದ ದೋಣಿ ನಡೆಸ್ತಿದ್ದೀರಿ?”

“ಮೂವತ್ತು.”

“ಮೂವತ್ತು ವರ್ಷ! ನಿಮ್ಮನ್ನ ನಂಬ್ಕೊಂಡು ಜನ ಮಕ್ಕಳು ಮರೀನ ಕರ್ಕೊಂಡು ಬಂದು ಕೂತ್ರಲ್ರೀ. ಯಾವುದಾದ್ರೂ ಒಂದು ಮಗು ಬಿದ್ದಿದ್ರೆ ಏನು ಮಾಡ್ತಿದ್ರಿ? ದಡದಲ್ಲಿ ಮಾಡೋ ಆಟಾನೇ ಮಾಡ್ತಿದ್ರಾ?”

ಮಾತು ನ್ಯಾಯವಾದದ್ದೇ. ಅದಕ್ಕೇ ಅದು ಅಷ್ಟು ಚುಚ್ಚಿತು.

ಹತ್ತು ದಿನದೊಳಗೆ ದೋಣಿ ಬಾಮೈದನ ಹೆಸರಿಗೆ ಬಂತು. ಅಕ್ಕ ಅವನ ಜೊತೆ ಮಾತು ಬಿಟ್ಟಳು. ಆದರೆ ಟಿಕೆಟ್ ಕಿಟಕಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಅವನ ದೋಣಿಗೇ ಟಿಕೆಟ್ ಹರಿದು ಕೊಡುತ್ತಾ ಕೂತಳು. ಕೇಳಿದವರಿಗೆಲ್ಲ, “ಮುಳುಗಣ್ಣ ಇಲ್ಲ,” ಎನ್ನುತ್ತಿದ್ದಳು. ಜನ ಬೇರೆ ದೋಣಿ ಹತ್ತುತ್ತಿದ್ದರು.

ಒಂದು ತಿಂಗಳು ನೋಡಿ ಬಾಮೈದ ಮನೆಗೆ ಬಂದ.

“ಭಾವ, ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳಿ. ಸುಮ್ನೆ ಮನೇಲಿ ಕೂತು ಏನು ಮಾಡ್ತೀರ? ನೀವು ದೋಣಿ ಹತ್ತೋದೇ ಬೇಡ. ದಡದಲ್ಲೇ ನಿಮ್ಮ ಆಟ ಆಡಿ. ಸುರಕ್ಷತೆ ಮಾತು ಹೇಳೋನಿಗೆ ಈಜು ಬರ್ಬೇಕು ಅಂತ ಯಾವ ನಿಯಮದಲ್ಲೂ ಇಲ್ಲ, ನೋಡ್ಕೊಂಡೇ ಬಂದಿದ್ದೀನಿ.”

ಮುಳುಗಣ್ಣ ಗೋಡೆ ನೋಡಿಕೊಂಡು ಕೂತಿದ್ದ. ಹೆಂಡತಿ ಒಳಗಿನಿಂದ, “ಕಳಿಸ್ರೀ ಅವನನ್ನ ಆಚೆ,” ಎಂದಳು. ಅವನು ಕಳಿಸಲಿಲ್ಲ. ಮರುದಿನ ಅವಳಿಗಿಂತ ಮುಂಚೆ ಎದ್ದು, ಅಂಗಿ ಹಾಕಿಕೊಂಡು, ಕಟ್ಟೆಗೆ ಹೋದ.

“ಓ, ಮುಳುಗಣ್ಣ ಬಂದ!” ಎಂದು ಜನ ಸೇರಿಕೊಂಡರು. ಅವನು ಹಲಗೆಯ ನಡುವೆ ನಿಂತ. ಮಲಗಲಿಲ್ಲ. ಕೂಗಲಿಲ್ಲ. ತಲೆಯನ್ನು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದ. ಎರಡೂ ಕೈಗಳನ್ನು ಅಕ್ಕಪಕ್ಕ ಚಾಚಿ, ಯಾವುದನ್ನೋ ಒತ್ತಿಕೊಂಡು ಮೇಲೇಳುವವನ ಹಾಗೆ ಕೆಳಕ್ಕೆ ಒತ್ತಿದ. ಮತ್ತೆ ಒತ್ತಿದ. ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಬಾಯಿಂದ ಒಂದು ಸಣ್ಣ ಸದ್ದು ಕೂಡ ಬರಲಿಲ್ಲ. ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಅವರೂ ಸುಮ್ಮನಾದರು. ಒಂದು ಚಿಕ್ಕ ಹುಡುಗಿ ತಾಯಿಯ ಸೊಂಟವನ್ನು ಅವುಚಿಕೊಂಡು ಮುಖ ಮುಚ್ಚಿಕೊಂಡಳು. ಒಬ್ಬರು ತಮ್ಮಷ್ಟಕ್ಕೇ ಜಾಕೆಟ್ ತೆಗೆದು ತೊಟ್ಟುಕೊಂಡರು. ಅವನು ಒತ್ತುತ್ತಲೇ ಇದ್ದ. ಪರೀಕ್ಷೆಯ ದಿನ ನೀರಿನಲ್ಲಿ ಎಷ್ಟು ಹೊತ್ತಾಗಿತ್ತೋ ಅಷ್ಟೂ ಹೊತ್ತು.

“ಭಾವ, ಏನಿದು?” ಎಂದು ಬಾಮೈದ ದೋಣಿಯಿಂದ ಕೂಗಿದ. “ಜನ ಹೆದರ್ಕೊಳ್ತಾರೆ. ಹಳೇದು ಮಾಡಿ.”

“ಇದೇ ಸರಿ. ಮುಳುಗೋದು ಅಂದ್ರೆ ಹಿಂಗೇ.”

“ಹಳೇದು ಮಾಡಿ ಅಂದೆ.” ಈ ಸಲ ಭಾವ ಎನ್ನಲಿಲ್ಲ.

ಮುಳುಗಣ್ಣ ಟಿಕೆಟ್ ಕಿಟಕಿಯ ಕಡೆ ನೋಡಿದ. ಹೆಂಡತಿ ತಲೆ ಬಗ್ಗಿಸಿ ಟಿಕೆಟ್ ಹರಿಯುತ್ತಿದ್ದಳು, ಎದುರಿಗೆ ಯಾರೂ ನಿಂತಿರಲಿಲ್ಲ. ಅವನು ಬಾಟಲಿಯಿಂದ ಒಂದು ಬಾಯಿ ನೀರು ತುಂಬಿಕೊಂಡು ಅಂಗಾತ ಬಿದ್ದ. ನೀರು ಮೇಲಕ್ಕೆ ಚಿಮ್ಮಿತು. “ಅಯ್ಯಯ್ಯೋ! ಹೋದೆ, ಹೋದೆ! ನನ್ನ ಚಪ್ಪಲಿ ಹೋಯ್ತು!” ಜನರಿಗೆ ಹೋದ ಜೀವ ಬಂದ ಹಾಗಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗಿಯೂ ನಕ್ಕಳು. ಬಕಲ್‌ಗಳು ಟಕ್ ಟಕ್ ಎಂದವು.

ದೋಣಿ ಕೆಂಪು ಬಾವುಟಗಳನ್ನು ಬಳಸಿಕೊಂಡು ಹೊರಟುಹೋಯಿತು. ಮುಳುಗಣ್ಣ ಎದ್ದು ಮುಖ ಒರಸಿಕೊಂಡ. ಮುಂದಿನ ಗುಂಪು ಆಗಲೇ ಮೆಟ್ಟಿಲಿಳಿದು ಬರುತ್ತಿತ್ತು. ಅವನು ಖಾಲಿ ಬಾಟಲಿ ಹಿಡಿದು ಏಣಿಯ ಕೊನೆಯ ಮೆಟ್ಟಿಲಿನವರೆಗೆ ಇಳಿದು, ಒಂದು ಕೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ಬಗ್ಗಿ ನೀರು ತುಂಬಿಸಿಕೊಂಡ.