ಮೊದಲ ಸಾಲಿನ ಹೆಸರು

“ನಿನ್ನ ಪ್ರೋಗ್ರಾಮಿಗೆ ಇಲ್ಲಿ ತಪಾಸಣೆ ತಪ್ಪಿಲ್ಲ ಅಂತದ, ಆಳಂದದಾಗ ತಪ್ಪು ಅದ ಅಂತದ. ಒಂದೇ ನಿಯಮ ಊರಿಗೊಂದು ಮಾತು ಆಡ್ತದೇನಬೇ?” ಶಾರದಾಬಾಯಿ ಬ್ಯಾಗು ಕೆಳಗಿಡದೆಯೇ ಕೇಳಿದರು.

ಬದರುನ್ನಿಸಾ ಕುರ್ಚಿ ಸರಿಸಿ ಎದ್ದು ನಿಂತಳು. ಜೇವರ್ಗಿಯ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿದ್ದ ಆ ಕಂಪ್ಯೂಟರ್ ಕೇಂದ್ರದಲ್ಲಿ ಪ್ರೋಗ್ರಾಂ ಬರೆಯುವವಳು ಅವಳೊಬ್ಬಳೇ. ತೊಗರಿ, ಜೋಳದ ವ್ಯಾಪಾರಿಗಳಿಗೆಂದು ವರ್ಷವಿಡೀ ಕೂತು ಬರೆದ ಲೆಕ್ಕದ ಪ್ರೋಗ್ರಾಮನ್ನು ನಾಳೆ ಅವರೆದುರು ತೋರಿಸುವುದಿತ್ತು. ಕೊನೆಯ ತಪಾಸಣೆಗೆಂದು ಒಂದು ಪ್ರತಿ ಆಳಂದಕ್ಕೆ, ಶಾರದಾಬಾಯಿಯವರ ಕೇಂದ್ರಕ್ಕೆ ಹೋಗಿತ್ತು.

ಶಾರದಾಬಾಯಿ ಅವಳಿಗೆ ಕಂಪ್ಯೂಟರ್ ಕಲಿಸಿದವರು. ಶಿಸ್ತೆಂದರೆ ಅವರಿಗೆ ಜೀವ. ಶಿಷ್ಯರು ಬರೆದ ಪ್ರೋಗ್ರಾಂಗಳನ್ನು ಓದಿ ತಪ್ಪು ಹೆಕ್ಕುವುದಕ್ಕೆ ಇನ್ನೊಂದು ಪ್ರೋಗ್ರಾಮನ್ನೇ ಬರೆದಿಟ್ಟಿದ್ದರು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯಬಾರದು, ಮೊದಲ ಸಾಲಿನಲ್ಲಿ ಬರೆದವರ ಹೆಸರಿರಬೇಕು, ಇಂಥವೇ ಅದರ ನಿಯಮಗಳು. ಪ್ರೋಗ್ರಾಂ ತೆರೆದ ಕೂಡಲೇ ಪರದೆಯ ಮೇಲೆ ಕಾಣುವುದೂ ಆ ಹೆಸರೇ. ನಿಯಮಗಳ ಫ್ಲಾಪಿ ಬಸ್ ಕಂಡಕ್ಟರನ ಕೈಯಲ್ಲಿ ಅಫಜಲಪುರಕ್ಕೂ ಜೇವರ್ಗಿಗೂ ಬರುತ್ತಿತ್ತು. ಅದರಲ್ಲಿ ಪಾಸಾಗದ್ದನ್ನು ಮೂರೂ ಊರಿನವರು ಮಾರುವಂತಿಲ್ಲ ಎಂಬುದು ಒಪ್ಪಂದ.

ಒಪ್ಪಂದವೇನೋ ಗಟ್ಟಿ, ಒಪ್ಪಿದವರು ಅಷ್ಟು ಗಟ್ಟಿಯಿರಲಿಲ್ಲ. ಅಫಜಲಪುರದ ಶಿಷ್ಯ ಮಲ್ಲಣ್ಣ ಬೇಸರ ಬಂದಾಗಲೆಲ್ಲ ಒಂದು ನಿಯಮ ಅಳಿಸಿ, ಫೋನಿನಲ್ಲಿ ಬೈಸಿಕೊಂಡು ಮತ್ತೆ ಸೇರಿಸುತ್ತಿದ್ದ. ಬದರುನ್ನಿಸಾಳೂ ಹಾಗೆ ಮಾಡಿಯಾಳೆಂದು ಶಾರದಾಬಾಯಿ ಕನಸಿನಲ್ಲೂ ನೆನೆಸಿರಲಿಲ್ಲ. ಅದಕ್ಕೇ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು.

“ಹೆಸರಿನ ನಿಯಮ ನೀನೇ ತಗದೀಯಲ್ಲ?”

“ಹೌದ್ರಿ ಮೇಡಂ.”

“ಯಾಕ?”

ಬಾಗಿಲಿನ ಕಡೆಯಿಂದ ಉತ್ತರ ಬಂತು. ಅಂಗಡಿ, ಕೇಂದ್ರ ಎರಡಕ್ಕೂ ಮಾಲೀಕನಾದ ದೌಲತರಾಯ ಅಳತೆಯ ಟೇಪು ಕೊರಳಲ್ಲಿರುವಂತೆಯೇ ಮೇಲೆ ಬಂದಿದ್ದ. “ಈಕಿ ಹೆಸರು ಬ್ಯಾಡ ಅಂತ ನಾನೇ ಅಂದೇನಿ. ಹುಡುಗಿ ಬರದದ್ದು ಅಂದ್ರ ವ್ಯಾಪಾರಸ್ಥರು ನಂಬ್ತಾರೇನ್ರಿ? ನನ್ನ ಹೆಸರು ಹಾಕು ಅಂದೆ. ಈಕಿ ಅದನೂ ಹಾಕ್ಲಿಲ್ಲ.”

“ಸುಳ್ಳು ಹ್ಯಾಂಗ ಬರೀಲ್ರಿ?” ಬದರುನ್ನಿಸಾ ನೆಲ ನೋಡುತ್ತ ಅಂದಳು. “ನಂದು ಬರದ್ರ ನೌಕರಿ ಹೋಗ್ತದ. ಅದಕ್ಕ ಸಾಲು ಖಾಲಿ ಬಿಟ್ಟು ನಿಯಮಾನೇ ಬಂದ್ ಮಾಡೇನಿ.”

“ನನಗ ಒಂದು ಮಾತು ಹೇಳಬಾರದೇನು?”

“ಹೇಳಬೇಕಂತಿದ್ನಿರಿ, ಅದಕ್ಕೂ ಮೊದಲ ನಿಮ್ಮ ನಿಯಮದ ಫೈಲು ತಗದು ನೋಡಿದೆ. ಅದರಾಗ ನಿಮ್ಮ ಹೆಸರೂ ಇಲ್ಲ. ಆಮ್ಯಾಲ ನಿಮಗ ಏನಂತ ಹೇಳ್ಲಿರಿ?”

ಶಾರದಾಬಾಯಿ ಬ್ಯಾಗು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಎಲ್ಲರ ತಪ್ಪು ಹಿಡಿಯುವ ಫೈಲನ್ನು ಯಾರೂ ತಪಾಸಣೆಗೆ ಹಾಕಿರಲಿಲ್ಲ, ಅವರೂ ಹಾಕಿರಲಿಲ್ಲ. ಬರೆಯುವಾಗ ತನ್ನ ಹೆಸರು ಹಾಕಿಕೊಳ್ಳುವುದು ಜಂಬವೆನಿಸಿತ್ತು. ಮಲ್ಲಣ್ಣನಿಗೆ ತನ್ನ ಹೆಸರು ಹಾಕುವಾಗ ಹಾಗೆ ಒಮ್ಮೆಯೂ ಅನಿಸಿದ್ದಿಲ್ಲ. ನಾಚಿಕೆಯಿಂದ ಅವರ ಮುಖ ಬಿಸಿಯಾಯಿತು.

ಕೀಲಿಮಣೆ ಎಳೆದುಕೊಂಡು ನಿಯಮದ ಫೈಲಿನ ತಲೆಗೆ ತಮ್ಮ ಹೆಸರು ಒತ್ತಿದರು. ತೆಗೆದ ನಿಯಮವನ್ನು ಮತ್ತೆ ಕೂಡಿಸಿದರು. ಆಮೇಲೆ ಬದರುನ್ನಿಸಾಳ ಪ್ರೋಗ್ರಾಂ ತೆರೆದು ಕೀಲಿಮಣೆಯನ್ನು ಅವಳ ಕಡೆ ಸರಿಸಿದರು.

“ಸಾಹುಕಾರ್ರ, ಹೆಸರಿಲ್ಲಂದ್ರ ಇದು ಆಳಂದದಾಗೂ ನಡ್ಯಂಗಿಲ್ಲ, ಅಫಜಲಪುರದಾಗೂ ನಡ್ಯಂಗಿಲ್ಲ. ಈಕಿನ್ನ ನೌಕರಿ ಬಿಡಿಸಿದ್ರ ನಾಳಿ ಪ್ರೋಗ್ರಾಂ ಕೆಟ್ಟಾಗ ತಿದ್ದೋರು ಯಾರಂತ ನೀವೇ ವಿಚಾರ ಮಾಡ್ರಿ.”

ದೌಲತರಾಯ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತ. ಸಿಟ್ಟು ಬಂದಿತ್ತು, ಆದರೆ ಅವನು ವ್ಯಾಪಾರಿ. “ಹಾಕ್ಲಿ,” ಅಂದ.

ಬದರುನ್ನಿಸಾಳಿಗೆ ಅಕ್ಷರಗಳೇ ಸಿಗಲೊಲ್ಲವು. ನಿತ್ಯ ನೋಡದೆ ಒತ್ತುವ ಕೀಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು. ತಪಾಸಣೆ ಓಡಿ, ತಪ್ಪಿಲ್ಲ ಎಂದು ಬಂತು.

ದೌಲತರಾಯ ಪರದೆಗೆ ಬಾಗಿದ. ಇಷ್ಟು ದಿನ ಅವನು ಅವಳನ್ನು ಕರೆದದ್ದು ‘ಏ ಹುಡುಗಿ’ ಎಂದೇ. ಇಂಗ್ಲಿಷ್ ಅಕ್ಷರದ ಉದ್ದ ಹೆಸರು ಅವನ ಕಣ್ಣಿಗೆ ತೊಡರಿತು.

“ಯಾರು ಬರದಾರ ಅಂತ ನಾಳಿ ಕೇಳಿದ್ರ ಹೇಳಬೇಕಲ್ಲ. ಓದು.”

“ಬದರುನ್ನಿಸಾ.”

“ಇನ್ನೊಮ್ಮೆ ಅನ್ನು.”

ಈ ಸಲ ಅವಳು ತಲೆಯೆತ್ತಿ ಹೇಳಿದಳು. ದೌಲತರಾಯ ಆ ಹೆಸರನ್ನು ತನ್ನಷ್ಟಕ್ಕೆ ತಡೆತಡೆದು ಅಂದುಕೊಳ್ಳುತ್ತ ಮೆಟ್ಟಿಲು ಇಳಿದ.