ಮೇ ಐ ಗೋ, ಸಾರ್

"ಬಾಯಿಗೇನು ಅಂಟು ಮೆತ್ಕೊಂಡಿದೀಯೇನೆ, ಮುದುಕಿ? ಇಂಗ್ಲಿಷಲ್ಲಿ ಕೇಳು, ಹೋಗು. ಇಲ್ಲಾಂದ್ರೆ ಮುಚ್ಕೊಂಡು ಕೂತ್ಕೊ."

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಸಾಲಿನ ತುದಿಯಲ್ಲಿ ಸೂಪರ್‌ವೈಸರ್ ನಿಂತಿದ್ದ. ಅವನೆದುರು ಅತ್ತೆ ತೊಡೆಗಳನ್ನು ಒತ್ತಿ ಹಿಡಿದು ಬಾಗಿದ್ದಳು. ಪಕ್ಕದ ಮಿಷನ್ನಿನಲ್ಲಿ ಸೊಸೆ ತಲೆಯೆತ್ತದೆ ಹೊಲಿಯುತ್ತಿದ್ದಳು.

ಶರ್ಟು ಕೊಳ್ಳುವ ವಿದೇಶಿಯರು ಬರುತ್ತಾರೆ, ಹೆಂಗಸರನ್ನು ಮಾತಾಡಿಸುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಈ ಪಾಠ ಶುರುವಾಗಿತ್ತು. ಹೌ ಆರ್ ಯು ಅಂದರೆ ಫೈನ್, ಥ್ಯಾಂಕ್ಯೂ. ಕೆಲಸ ಹೇಗಿದೆ ಅಂದರೆ ವೆರಿ ಹ್ಯಾಪಿ. ನಾಲಿಗೆ ಪಳಗಲಿ ಎಂದು ನೀರಿಗೂ ಪಾಯಿಖಾನೆಗೂ ಇಂಗ್ಲಿಷಿನಲ್ಲೇ ಕೇಳಬೇಕು. ಸೊಸೆಗೆ ಬೇಗ ಬಂತು. ಒಲೆಯ ಮುಂದೆ ಕೂತು ಅತ್ತೆಗೂ ಹೇಳಿಕೊಡುತ್ತಿದ್ದಳು. "ನನ್ನ ನಾಲಿಗೆ ಮುದಿ ಎತ್ತು ಕಣೆ, ಎಷ್ಟು ಎಳೆದ್ರೂ ಹೊಸ ದಾರಿಗೆ ಬರಲ್ಲ" ಎಂದು ಅತ್ತೆ ನಗುತ್ತಿದ್ದಳು.

ಈಗ ನಗು ಇರಲಿಲ್ಲ. "ಮೇ... ಗೋ... ಸಾರ್."

"ಮೇಯೋಕ್ ಹೋಗ್ತೀಯಾ? ಹೋಗು, ಹಿಂದೆ ಹುಲ್ಲು ಬೆಳೆದಿದೆ!"

ಸಾಲಿನಲ್ಲಿ ಯಾರೋ ಅವನಿಗೆ ಕೇಳಿಸಲೆಂದೇ ನಕ್ಕರು.

"ಸಾರ್, ಅವರಿಗೆ ಸಕ್ಕರೆ ಕಾಯಿಲೆ. ತಡೆಯೋಕಾಗಲ್ಲ. ಅವರ ಪರವಾಗಿ ನಾನು ಕೇಳ್ತೀನಿ," ಎಂದಳು ಸೊಸೆ.

"ನೀನು ಕೇಳಿದ್ರೆ ನೀನು ಹೋಗು. ಅವಳ ಉಚ್ಚೇನೂ ನೀನೇ ಹೊಯ್ತೀಯಾ?"

ಕೆಳಗೆ ವಿದೇಶಿಯರ ಕಾರಿನ ಬಾಗಿಲು ಬಡಿಯಿತು. ಅವನು ಕಿಟಕಿಯತ್ತ ತಿರುಗಿ ಮತ್ತೆ ಇತ್ತ ನೋಡುವಷ್ಟರಲ್ಲಿ ಅತ್ತೆಯ ಕಾಲ ಬುಡದಲ್ಲಿ ನೆಲ ಒದ್ದೆಯಾಗಿತ್ತು.

"ಥೂ, ಹಡಬೆ ಮುಂಡೆ! ಈಗಲೇ ಬೇಕಿತ್ತಾ? ಉಟ್ಟ ಬಟ್ಟೇಲೇ ಒರೆಸು."

ಅತ್ತೆ ಮಂಡಿಯೂರಿ ಒರೆಸಿದಳು. ನೆಲ ಒಣಗಿತು, ಬಟ್ಟೆ ಮೈಗಂಟಿತು.

"ಈಗ ಸಾರಿ ಹೇಳು. ಇಂಗ್ಲಿಷಲ್ಲಿ, ಪೂರ್ತಿ. ಏಯ್, ಇವಳ ಸೊಸೆ ನೀನೇ ಅಲ್ವಾ? ಹೇಳ್ಕೊಡು. ಇಲ್ಲಾಂದ್ರೆ ಇಬ್ರೂ ಇವತ್ತೇ ಗೇಟಿನಾಚೆ."

"ಹೇಳ್ಕೊಡು, ಮಗಾ," ಎಂದಳು ಅತ್ತೆ, ನೆಲದಿಂದಲೇ. "ಹೇಗೋ ಹೇಳ್ತೀನಿ. ನಿನ್ನ ಕೆಲಸ ಉಳೀಲಿ."

ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿ ಬರುತ್ತಿತ್ತು. ಸೊಸೆ ಪೆಡಲಿನಿಂದ ಕಾಲು ತೆಗೆದಳು. ಬೆಳಗಿನಿಂದ ಅವಳೂ ತಡೆದುಕೊಂಡಿದ್ದಳು. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಒಂದಕ್ಷರ ತಪ್ಪದೆ. ಎದ್ದು ಬಂದು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಪಕ್ಕ ಕಾಲೂರಿ ನಿಂತು, ಸೂಪರ್‌ವೈಸರನ ಮುಖ ನೋಡುತ್ತಾ, ನಿಂತಲ್ಲೇ ಉಚ್ಚೆ ಹೊಯ್ದಳು.

"ಏಯ್! ಏಯ್, ನಿನಗೆ ಇಂಗ್ಲಿಷ್ ಬರುತ್ತಲ್ಲೇ, ಕೇಳೋಕೇನು ರೋಗ?"

ಗುಂಡಿ ಹಾಕುವವಳ ಮಿಷನ್ ನಿಂತಿತು. ಅವಳೂ ಎದ್ದು ಕಾಲೂರಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು.

ಬಾಗಿಲು ತೆರೆಯಿತು. ಸೂಪರ್‌ವೈಸರ್ ಹಲ್ಲು ಕಿರಿಯುತ್ತಾ ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ. ಹೆಂಗಸರ ಉಚ್ಚೆ ಅವನ ಕಾಲುಗಳ ನಡುವೆ ಹರಿದು ಹೊಸ್ತಿಲು ದಾಟಿತು.