ಅಕ್ಕ ಕಳಿಸಿದ ಮಣ್ಣು

ನಮ್ಮ ಬದನೆ ಗಿಡಗಳು ಎರಡು ಸಲ ಹಳದಿಗೆ ತಿರುಗಿ ಸತ್ತವು. ಬೇಲಿಯಾಚೆ ಪಕ್ಕದ ಮನೆಯವಳ ಗಿಡಗಳು ಮಾತ್ರ ಕಾಯಿಯ ಭಾರಕ್ಕೆ ಬಾಗಿದ್ದವು. ಅತ್ತ ನೋಡಲೇಬಾರದೆಂದು ಅಕ್ಕ ಬೇಲಿಯ ಮೇಲೆ ಹಳೆಯ ಚಾದರ ಹರವಿದಳು; ಆಮೇಲೆ ಅದರ ತೂತಿನಿಂದಲೇ ನೋಡುತ್ತಿದ್ದಳು.

ಮೂರನೆಯ ಸಲದ ಸಸಿಗಳು ಮಡಿಯಲ್ಲಿ ಆಗಷ್ಟೇ ಮೊಳೆತಿದ್ದವು. ಇವೂ ಹೋದರೆ ಹೊಲವನ್ನು ಪಕ್ಕದವಳಿಗೇ ಗುತ್ತಿಗೆಗೆ ಕೊಟ್ಟುಬಿಡೋಣ ಎಂದು ಭಾವ ಹೇಳಿದ ದಿನ ಅಕ್ಕ ಊಟ ಬಿಟ್ಟಳು.

ನಾನು ತಾಂತ್ರಿಕ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಜರಡಿ, ತಟ್ಟೆ, ಗಾಜಿನ ಪಾತ್ರೆ ತೊಳೆಯುತ್ತೇನೆ. ಪಕ್ಕದವಳು ಹೋದ ವರ್ಷ ಅಲ್ಲಿಗೆ ಮಣ್ಣು ತಂದಿದ್ದಳೆಂದು ಅಕ್ಕನಿಗೆ ಹೇಳಿದೆ. ತನಗೇನು ಕಮ್ಮಿ ಅಂತ ಹೇಳೋಕೆ ಮಣ್ಣಿಗೂ ಬಾಯಿ ಇರುತ್ತಾ ಎಂದು ಅಕ್ಕ ನಕ್ಕಳು. ಆದರೂ ಮರುದಿನ ನನ್ನ ಕೈಗೊಂದು ಚೀಲ ಕೊಟ್ಟಳು.

ಪ್ರಯೋಗಾಲಯದ ಮೇಡಂ ಚೀಲ ಬಿಚ್ಚಿ ತಟ್ಟೆಗೆ ಸುರಿದರು. ಕಪ್ಪು ಮಣ್ಣು, ಅದರಲ್ಲಿ ಮೊಟ್ಟೆಯ ಸಿಪ್ಪೆ, ಕೊಳೆತ ಸೊಪ್ಪು.

"ಇದು ಹೊಲದ್ದಾ, ಗೊಬ್ಬರದ ಗುಂಡಿದಾ?"

ನಾನು ತಲೆ ತಗ್ಗಿಸಿದೆ. ಮೇಡಂ ಬೈಯಲಿಲ್ಲ. ಇದನ್ನು ಪರೀಕ್ಷಿಸಿದರೆ ಎಲ್ಲ ಚೆನ್ನಾಗಿದೆ ಎಂದೇ ಬರುತ್ತದೆ, ಹೊಲದಲ್ಲಿ ಸಸಿಗಳು ಮಾತ್ರ ಸಾಯುತ್ತವೆ ಎಂದರು. ಮಣ್ಣು ತೆಗೆಯುವ ಬಗೆಯನ್ನು ಹೇಳಿಕೊಟ್ಟರು.

ಮನೆಗೆ ಬಂದು, ಗುಂಡಿಯ ಮಣ್ಣು ಯಾಕೆ ಕೊಟ್ಟೆ ಎಂದು ಕೇಳಿದ್ದಕ್ಕೆ ಅಕ್ಕ ಚಾದರದ ಕಡೆ ನೋಡಿದಳು. "ನಮ್ಮ ಮಣ್ಣು ಅವಳದ್ದಕ್ಕಿಂತ ಕಮ್ಮಿ ಅಂತ ಬಂದ್ರೆ ನಾನು ಹೇಗೆ ಮುಖ ಎತ್ಕೊಂಡು ಓಡಾಡ್ಲಿ?"

ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಅಂದು ಆಡಿದೆ. "ಅಕ್ಕಾ, ಜ್ವರ ನಿಂದು, ರಕ್ತ ಬೇರೆಯವರದ್ದು ಕೊಟ್ರೆ ಡಾಕ್ಟ್ರು ಯಾರಿಗೆ ಮದ್ದು ಬರೀಬೇಕು?"

ಅಕ್ಕ ಎದ್ದು ಸಲಿಕೆ ತಂದಳು. ಬದು, ಮರದ ಬುಡ, ಗೊಬ್ಬರದ ಗುಂಡಿಯ ಹತ್ತಿರ ಬಿಟ್ಟು, ಹತ್ತು ಕಡೆ ಮೇಲಿನ ಕಸ ಸರಿಸಿ, ಗೇಣು ಆಳದವರೆಗೆ ಮಣ್ಣು ತೆಗೆದೆವು. ಬಕೆಟ್ಟಿನಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿ ಕೊಟ್ಟೆವು.

ವರದಿ ಬಂತು. ನಮ್ಮದು ಹುಳಿ ಮಣ್ಣು, ಅಂದರೆ ಆಮ್ಲ ಹೆಚ್ಚಾದದ್ದು; ನಾಟಿಗೆ ಮೂರು ವಾರ ಮೊದಲು ಇಷ್ಟು ಸುಣ್ಣ ಬೆರೆಸಿ ಎಂದಿತ್ತು. ಅಕ್ಕ ಅದನ್ನು ಮಡಚಿ ಬಚ್ಚಿಡುವಷ್ಟರಲ್ಲಿ, ನಾವು ಮಣ್ಣು ತೆಗೆದದ್ದನ್ನು ಕಂಡಿದ್ದ ಪಕ್ಕದವಳು ಬೇಲಿಯಾಚೆಯಿಂದ ತನ್ನ ಹಳೆಯ ವರದಿ ಚಾಚಿದಳು. "ನಂದೂ ಹುಳಿನೇ ಇತ್ತು, ನೋಡಕ್ಕ."

ಅಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಳು. ಅವಳ ಹೊಲ ನಮ್ಮದಕ್ಕಿಂತಲೂ ಹುಳಿ; ಅದಕ್ಕೆ ಹೆಚ್ಚು ಸುಣ್ಣ ಬರೆದಿತ್ತು. ಅಂದು ಅಕ್ಕ ಎರಡು ಸಲ ಬಡಿಸಿಕೊಂಡು ಉಂಡಳು. ಮರುದಿನವೇ ಭಾವನ ಕೈಯಲ್ಲಿ ಸುಣ್ಣ ತರಿಸಿ ಹೊಲಕ್ಕೆ ಬೆರೆಸಿದಳು; ಮೂರು ವಾರ ಬಿಟ್ಟು ಮಡಿಯ ಸಸಿಗಳನ್ನು ನಾಟಿ ಮಾಡಿದೆವು.

ಈಗ ನಮ್ಮ ಗಿಡಗಳೂ ಕಾಯಿಯ ಭಾರಕ್ಕೆ ಬಾಗಿವೆ. ಅಕ್ಕ ಚಾದರ ತೆಗೆದಿದ್ದಾಳೆ, ಪಕ್ಕದವಳೂ ನೋಡಲಿ ಎಂದು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಹೊಲ ನೋಡಿ ಹೊಟ್ಟೆ ಉರಿದರೆ ಉರಿಯಲಿ. ನಾಟಿಗೆ ಒಂದೆರಡು ತಿಂಗಳ ಮೊದಲೇ ನಿಮ್ಮ ಮಣ್ಣನ್ನು ಪರೀಕ್ಷೆಗೆ ತನ್ನಿ. ಚೆನ್ನಾಗಿರುವುದನ್ನು ಆರಿಸಬೇಡಿ, ಇರುವುದನ್ನೇ ತನ್ನಿ. ತಟ್ಟೆ ತೊಳೆದಿಟ್ಟಿರುತ್ತೇನೆ.